ಆರ್ದ್ರಾ ಕಂದಿದ ಚಳಿಗಾಲ: ನೋಡಿದೆವು, ಬರೆದಿಡಲಿಲ್ಲ

2019ರ ಡಿಸೆಂಬರ್ 26ರ ಬೆಳಗ್ಗೆ ನಮ್ಮ ಕರಾವಳಿಯ ಜನ ಆಕಾಶ ನೋಡಿದಷ್ಟು ಉತ್ಸಾಹದಿಂದ ಬೇರೆ ಯಾವ ದಿನವೂ ನೋಡಿರಲಾರರು. ಕಂಕಣ ಸೂರ್ಯಗ್ರಹಣದ ಮಧ್ಯರೇಖೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಮೇಲಿಂದ ಹಾದುಹೋಗಿತ್ತು. ಪುತ್ತೂರು, ಸುಳ್ಯ, ಕಡಬದ ಕಡೆಯಲ್ಲಿ ಸೌರ ಕನ್ನಡಕ, ಸೂಜಿರಂಧ್ರದ ರಟ್ಟಿನ ಪೆಟ್ಟಿಗೆ, ಬಿಳಿ ಪರದೆಯ ಮೇಲೆ ಬಿಂಬ ಬೀಳಿಸುವ ದೂರದರ್ಶಕ ಇವುಗಳ ಸುತ್ತ ಮಕ್ಕಳು, ಅಧ್ಯಾಪಕರು, ದಾರಿಹೋಕರು ಎಲ್ಲರೂ ನೆರೆದರು. ಗ್ರಹಣ ಕಾಲದಲ್ಲಿ ಹೊರಗೆ ಬರಬಾರದೆಂಬ ಹಳೆಯ ಅಂಜಿಕೆ ಅಂದು ಬಹಳಷ್ಟು ಕರಗಿತು. ಅದು ಒಳ್ಳೆಯ ಕೆಲಸ. ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ಅದೇ ದಿನದ ಸಂಜೆಯ ಬಗ್ಗೆ. ಗ್ರಹಣವೆಂದ ಮೇಲೆ ಅಮಾವಾಸ್ಯೆ. ಚಂದ್ರನ ಬೆಳಕಿನ ಕಾಟವಿಲ್ಲದ ಕಪ್ಪು ಆಕಾಶ. ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಮಹಾವ್ಯಾಧ ಮೂಡುತ್ತಿದ್ದ. ಅವನ ಹೆಗಲಿನ ಕೆಂಪು ನಕ್ಷತ್ರ ಆರ್ದ್ರಾ, ಅಂದರೆ ಬೀಟಲ್‌ಜ್ಯೂಸ್, ಆ ದಿನಗಳಲ್ಲಿ ಎಂದಿನ ಅರ್ಧದಷ್ಟೂ ಹೊಳೆಯುತ್ತಿರಲಿಲ್ಲ. ಅದನ್ನು ಗಮನಿಸಲು ದೂರದರ್ಶಕ ಬೇಡ, ಕನ್ನಡಕ ಬೇಡ. ಪಕ್ಕದ ರೋಹಿಣಿಯನ್ನೊಮ್ಮೆ, ಆರ್ದ್ರಾವನ್ನೊಮ್ಮೆ ನೋಡಿದರೆ ಸಾಕಿತ್ತು. ಬೆಳಗ್ಗೆ ಆಕಾಶ ನೋಡಿದ ನಾವು ಸಂಜೆ ಅದನ್ನು ಮರೆತು ಫೋಟೋಗಳನ್ನು ಹಂಚಿಕೊಳ್ಳುತ್ತ ಕುಳಿತಿದ್ದೆವು.

ಆರ್ದ್ರಾ ಎಂಬ ಹೆಸರನ್ನು ನಮ್ಮ ಕೃಷಿಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜೂನ್ ಕೊನೆಯ ವಾರದಿಂದ ಸುಮಾರು ಎರಡು ವಾರ ಸುರಿಯುವುದೇ ಆರ್ದ್ರಾ ಮಳೆ. ಸೂರ್ಯ ಆ ನಕ್ಷತ್ರದ ನೇರಕ್ಕೆ ಬಂದಾಗ ಸುರಿಯುವ ಮಳೆಯಾದ್ದರಿಂದ ಆ ಹೆಸರು. ಆಗ ನಕ್ಷತ್ರ ಹಗಲಿನಲ್ಲಿರುತ್ತದೆ, ಮೋಡ ರಾತ್ರಿಯಲ್ಲೂ ಇರುತ್ತದೆ. ಹೀಗಾಗಿ ಮಳೆಯಾಗಿ ಎಲ್ಲರಿಗೂ ಗೊತ್ತಿರುವ ಆರ್ದ್ರಾ ನಕ್ಷತ್ರವಾಗಿ ಕೆಲವರಿಗಷ್ಟೇ ಗೊತ್ತು. ಅಳೆದು ನೋಡಬೇಕಾದ ವಸ್ತುವಾಗಿ ಅದು ಗೊತ್ತಿರುವುದಂತೂ ಇನ್ನೂ ಕಡಿಮೆ ಮಂದಿಗೆ.

ಹೊಳಪು ಏರಿಳಿಯುವ ನಕ್ಷತ್ರಗಳನ್ನು ಚರಕಾಂತಿ ನಕ್ಷತ್ರಗಳೆನ್ನುತ್ತೇವೆ. ಆರ್ದ್ರಾ ಅವುಗಳಲ್ಲೊಂದು. ನಕ್ಷತ್ರದ ಹೊಳಪನ್ನು ಸೂಚಿಸುವ ಸಂಖ್ಯೆ ಕಾಂತಿಮಾನ. ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಂಕು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು. ಪುಸ್ತಕಗಳಲ್ಲಿ ಆರ್ದ್ರಾದ ಕಾಂತಿಮಾನ ಸಾಮಾನ್ಯವಾಗಿ 0.5 ಎಂದಿರುತ್ತದೆ. 2019ರ ಡಿಸೆಂಬರ್ ಕೊನೆಗೆ ಅದು ಸುಮಾರು 1.3ಕ್ಕೆ ಇಳಿದಿತ್ತು, 2020ರ ಫೆಬ್ರವರಿಯಲ್ಲಿ ಸುಮಾರು 1.6ಕ್ಕೆ ತಲುಪಿ, ಮಹಾವ್ಯಾಧನ ಇನ್ನೊಂದು ಹೆಗಲಿನ ಬೆಲಾಟ್ರಿಕ್ಸ್‌ಗೆ ಸಮನಾಯಿತು. ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗಿನಾನ್ ಮತ್ತು ಸಂಗಡಿಗರು 2019ರ ಡಿಸೆಂಬರಿನಲ್ಲಿ ಈ ಇಳಿಕೆಯನ್ನು ಪ್ರಕಟಿಸಿದರು. ಸಂಗಡಿಗರಲ್ಲಿ ಒಬ್ಬರಾದ ರಿಚರ್ಡ್ ವಾಸಟಾನಿಕ್ ಈ ನಕ್ಷತ್ರವನ್ನು ವರ್ಷಗಟ್ಟಲೆ ಅಳೆಯುತ್ತ ಬಂದ ಹವ್ಯಾಸಿ. ಹಳೆಯ ಅಳತೆಗಳ ಸಾಲು ಕೈಯಲ್ಲಿದ್ದುದರಿಂದಲೇ ಈ ಬಾರಿಯ ಇಳಿಕೆ ಅಸಾಮಾನ್ಯವೆಂದು ಹೇಳಲು ಸಾಧ್ಯವಾಯಿತು. ಒಂದೇ ದಿನದ ಅಳತೆಯಿಂದ ಅದು ತಿಳಿಯುತ್ತಿರಲಿಲ್ಲ.

ಪತ್ರಿಕೆಗಳಲ್ಲಿ ಬಂದದ್ದು ಮಾತ್ರ ಬೇರೆ ಕಥೆ. ಆರ್ದ್ರಾ ಇನ್ನೇನು ಸೂಪರ್‌ನೋವಾ ಆಗಿ ಸಿಡಿಯಲಿದೆ, ಹಗಲಿನಲ್ಲೂ ಕಾಣಲಿದೆ ಎಂಬ ತಲೆಬರಹಗಳನ್ನು ಓದಿ ವಿದ್ಯಾರ್ಥಿಗಳು ಪ್ರಶ್ನೆ ಕೇಳತೊಡಗಿದರು. ನಕ್ಷತ್ರ ಸಿಡಿಯಲಿಲ್ಲ, 2020ರ ಏಪ್ರಿಲ್ ಹೊತ್ತಿಗೆ ಹಳೆಯ ಹೊಳಪಿಗೆ ಮರಳಿತು. ಅದರ ಮೇಲ್ಮೈಯ ಒಂದು ಭಾಗ ತಣ್ಣಗಾಗಿ, ಅದು ಉಗುಳಿದ ಅನಿಲ ದೂಳಾಗಿ ಸಾಂದ್ರಗೊಂಡು ನಮ್ಮ ನೋಟಕ್ಕೆ ಅಡ್ಡ ಬಂದಿತ್ತೆಂದು 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ವಿವರಿಸಿತು. ಇದು ಸ್ಫೋಟಕ್ಕಿಂತ ಕಡಿಮೆ ಸ್ವಾರಸ್ಯದ ಸಂಗತಿಯಲ್ಲ. ಆದರೆ ಆ ಹೊತ್ತಿಗೆ ತಲೆಬರಹಗಳು ಬೇರೆಡೆಗೆ ಹೋಗಿದ್ದವು.

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕು. ಆ ಚಳಿಗಾಲದ ಮೊದಲಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ನಾನೊಂದು ಚಿಕ್ಕ ಕೆಲಸ ಕೊಟ್ಟಿದ್ದೆ: ಮನೆಯಂಗಳದಿಂದ ಕಾಣುವ ಹತ್ತು ನಕ್ಷತ್ರಗಳನ್ನು ಹೊಳಪಿನ ಅನುಕ್ರಮದಲ್ಲಿ ಬರೆದು ತನ್ನಿ ಎಂದು. ಹೆಚ್ಚಿನ ಪುಸ್ತಕಗಳಲ್ಲಿ ಅನುಕ್ರಮ ಸರಿಯಾಗಿಯೇ ಇತ್ತು, ಏಕೆಂದರೆ ಅವರು ಬರೆದದ್ದು ಆಕಾಶ ನೋಡಿ ಅಲ್ಲ, ಕೋಷ್ಟಕ ನೋಡಿ. ಕಡಬದ ಕಡೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಮಾತ್ರ ಆರ್ದ್ರಾವನ್ನು ರೋಹಿಣಿಗಿಂತ ಕೆಳಗೆ ಹಾಕಿದ್ದಳು. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು 'ತಪ್ಪು, ಪುಸ್ತಕ ನೋಡು' ಎಂದು ಬರೆದೆ. ಕೆಲವು ವಾರಗಳ ಬಳಿಕ ಸುದ್ದಿ ಓದಿದಾಗ ನನಗೆ ಆ ಗೆರೆ ನೆನಪಾಯಿತು. ಅವಳನ್ನು ಕರೆದು, ಮತ್ತೆ ಯಾವಾಗಲಾದರೂ ನೋಡಿ ಬರೆದಿದ್ದೀಯಾ ಎಂದು ಕೇಳಿದೆ. "ನಾಲ್ಕು ದಿನ ಬರೆದಿದ್ದೆ. ತಪ್ಪು ಅಂತ ಬರೆದಿದ್ರಿ ಅಲ್ವಾ ಸರ್, ಹಾಗೆ ಬಿಟ್ಟದ್ದು" ಎಂದಳು.

ಆ ನಾಲ್ಕು ದಿನಗಳ ಪುಟ ನನ್ನ ಬಳಿ ಇದೆ. ಅದರ ಮುಂದೆ ಫೆಬ್ರವರಿಯವರೆಗೆ ಮುಂದುವರಿಯಬಹುದಾಗಿದ್ದ ಸಾಲು ಇಲ್ಲ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ನಾವೆಲ್ಲ ಬಲ್ಲ ಕಾಯಿಲೆಯೇ ಇದು. 'g'ಯ ಬೆಲೆ 980 ಬರಬೇಕೆಂದು ಗೊತ್ತಿರುವುದರಿಂದ ಲೋಲಕದ ಆಂದೋಲನ ಕಾಲವನ್ನು ಹಿಂದಿನಿಂದ ಲೆಕ್ಕ ಹಾಕಿ ಬರೆಯುವ ವಿದ್ಯಾರ್ಥಿಯನ್ನು ನಾವು ಗದರಿಸುತ್ತೇವೆ. ಆದರೆ ಆಕಾಶದ ವಿಷಯ ಬಂದಾಗ ನಾವೇ ಅವನಿಗೆ ಪುಸ್ತಕ ತೋರಿಸುತ್ತೇವೆ. ಚರಕಾಂತಿ ನಕ್ಷತ್ರದ ವಿಷಯದಲ್ಲಂತೂ ಪುಸ್ತಕದ ಸಂಖ್ಯೆ ಉತ್ತರವೇ ಅಲ್ಲ.

ನಮ್ಮ ಊರುಗಳಲ್ಲಿ ನಡೆಯುವ ಆಕಾಶ ವೀಕ್ಷಣೆಯ ಕಾರ್ಯಕ್ರಮಗಳನ್ನು ಈ ದೃಷ್ಟಿಯಿಂದ ನೋಡಬೇಕು. ಸಂಜೆ ಒಂದು ಉಪನ್ಯಾಸ, ಮೈದಾನದಲ್ಲಿ ಒಂದೋ ಎರಡೋ ದೂರದರ್ಶಕ, ಉದ್ದನೆಯ ಸಾಲು, ಒಬ್ಬೊಬ್ಬರಿಗೆ ಹದಿನೈದು, ಇಪ್ಪತ್ತು ಸೆಕೆಂಡು. ಚಂದ್ರನ ಕುಳಿಗಳು, ಗುರುವಿನ ಉಪಗ್ರಹಗಳು, ಶನಿಯ ಬಳೆ. ಮೊದಲ ಬಾರಿ ಶನಿಯ ಬಳೆ ಕಂಡ ಮಗುವಿನ ಮುಖ ನೋಡಿದವರು ಯಾರೂ ಇದನ್ನು ನಿಲ್ಲಿಸಿ ಎನ್ನಲಾರರು. ಆದರೆ ಮರುದಿನ ವರದಿಯಲ್ಲಿ ಏನಿರುತ್ತದೆ? ಎಷ್ಟು ಜನ ಬಂದಿದ್ದರು, ಯಾರು ಉದ್ಘಾಟಿಸಿದರು, ಯಾರು ವಂದಿಸಿದರು. ಯಾವ ಹೊತ್ತಿಗೆ ಯಾವ ವಸ್ತು ಹೇಗೆ ಕಂಡಿತೆಂಬ ಒಂದು ಸಾಲೂ ಇರುವುದಿಲ್ಲ. ಹತ್ತು ವರ್ಷ ಇಂಥ ಕಾರ್ಯಕ್ರಮ ನಡೆಸಿದವರ ಬಳಿ ಹತ್ತು ವರ್ಷಗಳ ಫೋಟೋ ಸಂಗ್ರಹ ಇರುತ್ತದೆ, ಹತ್ತು ವರ್ಷಗಳ ವೀಕ್ಷಣೆ ಇರುವುದಿಲ್ಲ. ತೋರಿಸುವುದು ಬೇರೆ, ವೀಕ್ಷಿಸುವುದು ಬೇರೆ. ಎರಡಕ್ಕೂ 'ವೀಕ್ಷಣೆ' ಎಂಬ ಒಂದೇ ಪದವನ್ನು ಬಳಸಿ ನಾವು ನಮ್ಮನ್ನೇ ಏಮಾರಿಸಿಕೊಂಡಿದ್ದೇವೆ.

ಕನ್ನಡದ ವಿಜ್ಞಾನ ಬರವಣಿಗೆಯೂ ಇದರಲ್ಲಿ ಪಾಲುದಾರ. ಪುತ್ತೂರಿನಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನೂ ಆಮೇಲೆ 'ವಿಜ್ಞಾನ ಪ್ರಪಂಚ'ವನ್ನೂ ಬರೆದರು. ಆರ್. ಎಲ್. ನರಸಿಂಹಯ್ಯ ಮತ್ತು ಜಿ. ಟಿ. ನಾರಾಯಣರಾವ್ ಅವರ ಪುಸ್ತಕಗಳನ್ನು ಹಿಡಿದು ನಕ್ಷತ್ರಗಳ ಗುರುತು ಕಲಿತವರು ನನ್ನ ತಲೆಮಾರಿನಲ್ಲಿ ಬಹಳ ಮಂದಿ. ಅವರು ಆಕಾಶವನ್ನು ಗುರುತಿಸುವುದನ್ನು ಕಲಿಸಿದರು. ಅದು ಮೊದಲ ಮೆಟ್ಟಿಲು. ಎರಡನೆಯ ಮೆಟ್ಟಿಲು ಹತ್ತಬೇಕಾಗಿದ್ದವರು ನಾವು. ನಾವು ಬರೆದದ್ದೇನು? ಸೂಪರ್‌ನೋವಾ ಎಂದರೆ ನಕ್ಷತ್ರದ ಸಾವು, ಕಬ್ಬಿಣದ ತಿರುಳು, ಕುಸಿತ, ನ್ಯೂಟ್ರಾನ್ ನಕ್ಷತ್ರ, ಚಂದ್ರಶೇಖರ್ ಮಿತಿ. ಇಂಥ ಪುಟಗಳಲ್ಲಿ ನಾನೂ ಇದನ್ನೇ ಬರೆದಿದ್ದೇನೆ. ಇವೆಲ್ಲ ಬೇಕು. ಆದರೆ ಓದಿದ ವಿದ್ಯಾರ್ಥಿ ಅಂದು ರಾತ್ರಿ ಅಂಗಳಕ್ಕಿಳಿದು ಏನು ಮಾಡಬಹುದೆಂದು ಹೇಳುವ ಒಂದು ನಕ್ಷೆ, ಹೋಲಿಕೆಗೆ ನಾಲ್ಕು ನಕ್ಷತ್ರಗಳ ಕಾಂತಿಮಾನ, ಇಷ್ಟನ್ನೂ ನಾವು ಕೊಡಲಿಲ್ಲ.

ಕೊಟ್ಟದ್ದು ಆಸೆಯನ್ನು. ಹವ್ಯಾಸಿಗಳೂ ಸೂಪರ್‌ನೋವಾ ಕಂಡುಹಿಡಿಯಬಹುದು ಎಂಬುದು ನಮ್ಮ ಉಪನ್ಯಾಸಗಳ ನೆಚ್ಚಿನ ಮಾತು. ಅದಕ್ಕೆ ಆಧಾರವಿಲ್ಲವೆಂದಲ್ಲ. ಆಸ್ಟ್ರೇಲಿಯಾದ ಪಾದ್ರಿ ರಾಬರ್ಟ್ ಇವಾನ್ಸ್ ಗೆಲಾಕ್ಸಿಗಳ ಸುತ್ತಲಿನ ನಕ್ಷತ್ರಗಳ ವಿನ್ಯಾಸವನ್ನು ಬಾಯಿಪಾಠ ಮಾಡಿದವರಂತೆ ನೆನಪಿಟ್ಟುಕೊಂಡು, ಹೊಸದೊಂದು ಚುಕ್ಕೆ ಬಂದರೆ ಕಣ್ಣಿನಿಂದಲೇ ಗುರುತಿಸುತ್ತಿದ್ದರು. ಹೀಗೆ ಕಂಡುಹಿಡಿದದ್ದು ಸುಮಾರು ನಲ್ವತ್ತು ಸೂಪರ್‌ನೋವಾಗಳನ್ನು. ಅರ್ಜೆಂಟೀನಾದಲ್ಲಿ ಬೀಗದ ಕೆಲಸ ಮಾಡುವ ವಿಕ್ಟರ್ ಬೂಸೊ 2016ರ ಸೆಪ್ಟೆಂಬರ್ 20ರಂದು ಹೊಸ ಕ್ಯಾಮೆರಾ ಪರೀಕ್ಷಿಸುತ್ತ ಎನ್‌ಜಿಸಿ 613 ಎಂಬ ಗೆಲಾಕ್ಸಿಯ ಸಾಲು ಸಾಲು ಚಿತ್ರ ತೆಗೆದಾಗ, ಸ್ಫೋಟದ ಆಘಾತ ನಕ್ಷತ್ರದ ಮೇಲ್ಮೈಯನ್ನು ಭೇದಿಸಿ ಹೊರಬೀಳುವ ಕ್ಷಣವೇ ಸಿಕ್ಕಿತು. 2023ರ ಮೇ 19ರಂದು ಜಪಾನಿನ ಕೊಯಿಚಿ ಇಟಗಾಕಿ ಎಂ101 ಗೆಲಾಕ್ಸಿಯಲ್ಲಿ ಕಂಡ ಸೂಪರ್‌ನೋವಾ ಕೆಲವೇ ದಿನಗಳಲ್ಲಿ 11ನೆಯ ಕಾಂತಿಮಾನಕ್ಕೆ ಏರಿತು. ಆರು ಅಂಗುಲದ ದೂರದರ್ಶಕದಲ್ಲಿ ಸುಳ್ಯದಿಂದಲೂ ಕಾಣಬಹುದಾಗಿದ್ದ ವಸ್ತು ಅದು. ಪತ್ತನಾಜೆಯ ಹೊಸ್ತಿಲಲ್ಲಿ ಮೋಡ ಬಿಟ್ಟುಕೊಟ್ಟಿದ್ದರೆ ಎಂಬ ಮಾತು ಸೇರಿಸಬೇಕು.

ಆದರೆ ಈ ಹೆಸರುಗಳನ್ನು ಹೇಳುವಾಗ ಇನ್ನರ್ಧ ಸತ್ಯವನ್ನೂ ಹೇಳಬೇಕು. ಇವಾನ್ಸ್ ಅವರ ಕಾಲ ಮುಗಿದಿದೆ. ಹವಾಯಿ, ಕ್ಯಾಲಿಫೋರ್ನಿಯಾ, ಚಿಲಿ ಮುಂತಾದೆಡೆ ಇರುವ ಸ್ವಯಂಚಾಲಿತ ದೂರದರ್ಶಕಗಳು ಆಕಾಶವನ್ನು ರಾತ್ರಿಯಿಂದ ರಾತ್ರಿಗೆ ಗುಡಿಸಿದಂತೆ ಚಿತ್ರಿಸಿ, ಹಳೆಯ ಚಿತ್ರದೊಡನೆ ಕಳೆದು, ಉಳಿದ ಚುಕ್ಕೆಯನ್ನು ಗಣಕದಿಂದ ಪತ್ತೆಹಚ್ಚುತ್ತವೆ. 2025ರ ಜೂನ್‌ನಲ್ಲಿ ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು ಹೊರಬಂದವು. ಅದರ ಕ್ಯಾಮೆರಾ 3200 ಮೆಗಾಪಿಕ್ಸೆಲ್‌ನದು. ಇಂಥ ಸ್ಪರ್ಧೆಯಲ್ಲಿ, ವರ್ಷದ ನಾಲ್ಕೈದು ತಿಂಗಳು ಮೋಡ ಕವಿಯುವ ನಮ್ಮ ಊರಿನ ಹುಡುಗನೊಬ್ಬ ಸೂಪರ್‌ನೋವಾ ಮೊದಲು ಕಾಣುವನೆಂದು ಆಸೆ ಹುಟ್ಟಿಸುವುದು ನ್ಯಾಯವಲ್ಲ. ಒಂದೆರಡು ವರ್ಷ ಏನೂ ಸಿಗದೆ ಅವನು ಖಗೋಳವನ್ನೇ ಬಿಡುತ್ತಾನೆ.

ವಿಚಿತ್ರವೆಂದರೆ ಆ ದೊಡ್ಡ ಯಂತ್ರಗಳು ನೋಡಲಾರದ ವಸ್ತುಗಳು ನಮ್ಮ ಬರಿಗಣ್ಣಿಗೆ ಕಾಣುವಂಥವೇ. ಆರ್ದ್ರಾದಂಥ ಉಜ್ವಲ ನಕ್ಷತ್ರ ಅವುಗಳ ಸಂವೇದಕವನ್ನು ತುಂಬಿ ಚೆಲ್ಲಿಬಿಡುತ್ತದೆ, ಅಳತೆ ಸಿಗುವುದಿಲ್ಲ. ಮಿನುಗುವ ದೊಡ್ಡ ನಕ್ಷತ್ರಗಳ ದೀರ್ಘಕಾಲದ ಏರಿಳಿತಕ್ಕೆ ಇಂದಿಗೂ ಹವ್ಯಾಸಿಗಳ ಪುಸ್ತಕಗಳು ಬೇಕು. 1911ರಲ್ಲಿ ಸ್ಥಾಪನೆಯಾದ ಅಮೆರಿಕದ ಚರಕಾಂತಿ ನಕ್ಷತ್ರ ವೀಕ್ಷಕರ ಸಂಘ ಇಂಥ ವೀಕ್ಷಣೆಗಳನ್ನು ಎಲ್ಲ ದೇಶಗಳಿಂದ ಸ್ವೀಕರಿಸಿ ಕಾಪಾಡುತ್ತದೆ. ನ್ಯೂಜಿಲೆಂಡಿನ ಹವ್ಯಾಸಿ ಆಲ್ಬರ್ಟ್ ಜೋನ್ಸ್ ಐದು ಲಕ್ಷಕ್ಕೂ ಹೆಚ್ಚು ಅಂದಾಜುಗಳನ್ನು ದಾಖಲಿಸಿದವರು. 1987ರ ಫೆಬ್ರವರಿಯಲ್ಲಿ ಚಿಲಿಯಲ್ಲಿ ಇಯಾನ್ ಶೆಲ್ಟನ್ ಕಂಡ ಪ್ರಸಿದ್ಧ ಸೂಪರ್‌ನೋವಾವನ್ನು ಸ್ವತಂತ್ರವಾಗಿ ಕಂಡವರಲ್ಲಿ ಅವರೂ ಒಬ್ಬರು. ದಿನನಿತ್ಯದ ನಕ್ಷತ್ರಗಳನ್ನು ನೋಡಲು ಹೊರಗಿದ್ದುದರಿಂದ ಅದು ಅವರ ಕಣ್ಣಿಗೆ ಬಿತ್ತು.

ಆ 1987ರ ಸೂಪರ್‌ನೋವಾ ನಮ್ಮಲ್ಲಿ ಕಾಣುತ್ತಿತ್ತೇ ಎಂದು ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಲೆಕ್ಕ ಸುಲಭ. ಅದು ವಿಷುವದ್ವೃತ್ತದಿಂದ 69 ಡಿಗ್ರಿ ದಕ್ಷಿಣಕ್ಕಿತ್ತು. ಪುತ್ತೂರು ಸುಮಾರು 12¾ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. 90ರಿಂದ ಎರಡನ್ನೂ ಕಳೆದರೆ ದಿಗಂತದಿಂದ ಹೆಚ್ಚೆಂದರೆ 8 ಡಿಗ್ರಿ ಎತ್ತರ. ಅಷ್ಟು ಕೆಳಗೆ ಬೆಳಕು ನೆತ್ತಿಯ ಮೇಲಿನದಕ್ಕಿಂತ ಸುಮಾರು ಏಳು ಪಟ್ಟು ಗಾಳಿಯನ್ನು ತೂರಿ ಬರಬೇಕು. ಎರಡು ಕಾಂತಿಮಾನದಷ್ಟಾದರೂ ಹೊಳಪು ಸೋರಿಹೋಗುತ್ತದೆ. ಮೇಲೆ ನಮ್ಮ ಗುಡ್ಡಗಳು, ಅಡಿಕೆ ಮರಗಳು. ಹೆಚ್ಚುಕಡಿಮೆ ಸುಳ್ಯದ ಅಕ್ಷಾಂಶದಲ್ಲೇ, ಪೂರ್ವಕ್ಕೆ ತಮಿಳುನಾಡಿನ ಜವ್ವಾದಿ ಬೆಟ್ಟಗಳಲ್ಲಿರುವ ಕಾವಲೂರಿನಿಂದ ನಮ್ಮ ವಿಜ್ಞಾನಿಗಳು ಅದರ ರೋಹಿತವನ್ನು ಪಡೆದರು ಎಂಬುದು ಅವರ ಪರಿಶ್ರಮಕ್ಕೆ ಸಾಕ್ಷಿ.

ಈ ಅಕ್ಷಾಂಶದ ಲೆಕ್ಕದಲ್ಲಿ ನಮಗೊಂದು ಲಾಭವೂ ಇದೆ, ಅದನ್ನು ನಾವು ಬಳಸಿಕೊಂಡಿಲ್ಲ. ಆರ್ದ್ರಾ 7 ಡಿಗ್ರಿ ಉತ್ತರದಲ್ಲಿದೆ. ಅಂದರೆ ಮಧ್ಯಾಹ್ನರೇಖೆ ದಾಟುವಾಗ ನಮ್ಮ ನೆತ್ತಿಯಿಂದ ಬರೀ ಐದಾರು ಡಿಗ್ರಿ ಆಚೆ. ರೋಹಿಣಿಯೂ ಮಿಥುನ ರಾಶಿಯೂ ಹಾಗೆಯೇ ತಲೆಯ ಮೇಲೆ. ನಮ್ಮ ಮನೆಗಳು ತೋಟದ ನಡುವೆ, ಗುಡ್ಡದ ಬುಡದಲ್ಲಿ. ದಿಗಂತ ಎಂಬುದು ನಮಗೆ ಇಲ್ಲವೇ ಇಲ್ಲ. ಇರುವುದು ಅಂಗಳ. ದೀಪಾವಳಿ ಕಳೆದ ಮೇಲೆ ಅಡಿಕೆ ಒಣಹಾಕಲು ಹುಲ್ಲು ಕೆತ್ತಿ ಸಮ ಮಾಡಿದ ಅಂಗಳದ ನಡುವೆ ನಿಂತರೆ ನೆತ್ತಿಯ ಸುತ್ತಲಿನ ಆಕಾಶ ಚೊಕ್ಕವಾಗಿ ಕಾಣುತ್ತದೆ. ಚಳಿಗಾಲದ ಚರಕಾಂತಿ ನಕ್ಷತ್ರಗಳಿಗೆ ಅಷ್ಟು ಸಾಕು. (ಈಚೆಗೆ ಅಂಗಳಕ್ಕೆ ಪ್ಲಾಸ್ಟಿಕ್ ಹಾಳೆಯ ಚಪ್ಪರ ಬರುತ್ತಿದೆ. ಅಡಿಕೆಗೆ ಅದು ಒಳ್ಳೆಯದು.) ಯಕ್ಷಗಾನ ಮೇಳಗಳ ತಿರುಗಾಟದ ಅವಧಿ ಯಾವುದೋ ವೀಕ್ಷಕನ ಅವಧಿಯೂ ಅದೇ: ದೀಪಾವಳಿಯ ಬಳಿಕ ಆರಂಭ, ಪತ್ತನಾಜೆಗೆ ಮುಕ್ತಾಯ. ರಾತ್ರಿಯಿಡೀ ಆಟ ನೋಡಿ ಬೆಳಗಿನ ಜಾವ ಗದ್ದೆಬದುವಿನಲ್ಲಿ ಮನೆಗೆ ಮರಳುವ ಅಭ್ಯಾಸವಿದ್ದ ಊರಿನಲ್ಲಿ ನಿದ್ದೆಗೆಟ್ಟು ಆಕಾಶ ನೋಡಲಾಗದು ಎಂಬ ನೆಪ ನಡೆಯುವುದಿಲ್ಲ.

ಆದರೆ ಪಠ್ಯದಲ್ಲಿ ಬರುವ ಉದಾಹರಣೆಗಳು ಬೇರೆ ಅಕ್ಷಾಂಶದವು. ಮಿಡಿಯುವ ನಕ್ಷತ್ರವೆಂದರೆ ಎಲ್ಲರೂ ಡೆಲ್ಟಾ ಸೆಫೈ ಎನ್ನುತ್ತಾರೆ. ಅದು ನಮ್ಮಲ್ಲಿ ಉತ್ತರಕ್ಕೆ 44 ಡಿಗ್ರಿಗಿಂತ ಮೇಲೇರುವುದಿಲ್ಲ. ಸಂಜೆಗೆ ಅದು ಅನುಕೂಲವಾಗಿರುವ ಅಕ್ಟೋಬರಿನಲ್ಲಿ ಗುಡುಗು ಮಳೆ. ಅದರ ಬದಲು ಮಿಥುನದ ಝೀಟಾ ನಕ್ಷತ್ರವನ್ನು ನಾನು ಸೂಚಿಸುತ್ತೇನೆ. ಅದೂ ಸೆಫೈ ಜಾತಿಯದೇ, 10.15 ದಿನಗಳಲ್ಲಿ 3.6ರಿಂದ 4.2ರವರೆಗೆ ಏರಿಳಿಯುತ್ತದೆ; ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕೈಗೆಟುಕುತ್ತದೆ. ಹೋಲಿಕೆಗೆ ಅದೇ ರಾಶಿಯ ಡೆಲ್ಟಾ (3.5), ಅಯೋಟಾ (3.8), ನ್ಯೂ (ಸುಮಾರು 4.1) ಇವೆ.

ಅಂದಾಜು ಮಾಡುವ ವಿಧಾನವನ್ನು ಆರ್ದ್ರಾದಿಂದಲೇ ವಿವರಿಸಬಹುದು. ರೋಹಿಣಿ 0.9, ಬೆಲಾಟ್ರಿಕ್ಸ್ 1.6. ಆರ್ದ್ರಾ ಇವೆರಡರ ನಡುವೆ ಇದ್ದರೆ ಅಂತರವನ್ನು ಮನಸ್ಸಿನಲ್ಲೇ ಏಳು ಭಾಗ ಮಾಡಿ. ರೋಹಿಣಿಯಿಂದ ಮೂರು ಭಾಗ ಕೆಳಗೆ ಎನಿಸಿದರೆ 0.9 + 0.7 × 3/7, ಅಂದರೆ 1.2. ರೋಹಿಣಿಗಿಂತ ಹೆಚ್ಚು ಹೊಳೆಯುತ್ತಿದ್ದರೆ ಪ್ರೋಸಿಯಾನ್ (0.4) ಜೊತೆ ಹೋಲಿಸಿ. ಮೂರು ಎಚ್ಚರಿಕೆ ಬೇಕು. ಹೋಲಿಸುವ ನಕ್ಷತ್ರಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಲಿ. ದಿಗಂತದಿಂದ 30 ಡಿಗ್ರಿ ಎತ್ತರದ ನಕ್ಷತ್ರ ನೆತ್ತಿಯದಕ್ಕಿಂತ ಇಮ್ಮಡಿ ಗಾಳಿಯ ಮೂಲಕ ಕಾಣುತ್ತದೆ, ನಮ್ಮ ತೇವದ ಗಾಳಿಯಲ್ಲಿ 0.3ರಷ್ಟು ಮಂಕಾಗುವುದು ಸಹಜ. ಕೆಂಪು ನಕ್ಷತ್ರವನ್ನು ದಿಟ್ಟಿಸಬೇಡಿ. ದಿಟ್ಟಿಸಿದಷ್ಟೂ ಅದು ಹೆಚ್ಚು ಹೊಳೆಯುವಂತೆ ತೋರುತ್ತದೆ, ಆದ್ದರಿಂದ ಚುಟುಕಾಗಿ ಅತ್ತಿತ್ತ ನೋಡಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಿನ್ನೆಯ ಅಂದಾಜನ್ನು ಇಂದು ನೋಡಬೇಡಿ. ದಿನಾಂಕ, ವೇಳೆ, ಹೋಲಿಕೆಯ ನಕ್ಷತ್ರಗಳು, ಅಂದಾಜು, ಆಕಾಶದ ಸ್ಥಿತಿ ಇಷ್ಟನ್ನು ಶಾಯಿಯಲ್ಲಿ ಬರೆದು ಪುಸ್ತಕ ಮುಚ್ಚಿ. ಅಳಿಸುವ ರಬ್ಬರು ಬೇಡ.

ಇಂಥ ಅಂದಾಜಿನಲ್ಲಿ 0.2ರಷ್ಟು ತಪ್ಪು ಬರುತ್ತದೆ. ಝೀಟಾದ ಒಟ್ಟು ಏರಿಳಿತವೇ 0.6, ಇದರಿಂದ ಏನು ಸಿಕ್ಕೀತು ಎಂದು ಸಂಶಯಪಡುವ ಅಧ್ಯಾಪಕರಿದ್ದಾರೆ. ಆ ಸಂಶಯವನ್ನೇ ಪಾಠ ಮಾಡಬಹುದು. ಒಬ್ಬನ ತಪ್ಪು 0.2 ಆದರೆ, ಬೇರೆ ಬೇರೆಯಾಗಿ ನೋಡಿದ 16 ಮಂದಿಯ ಸರಾಸರಿಯ ತಪ್ಪು 0.2ನ್ನು 16ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 0.05. ಒಬ್ಬರನ್ನೊಬ್ಬರು ನೋಡಿ ಬರೆದರೆ ಈ ಲೆಕ್ಕ ಬಿದ್ದುಹೋಗುತ್ತದೆ. ತಿಂಗಳುಗಟ್ಟಲೆಯ ದಿನಾಂಕಗಳನ್ನು 10.15ರಿಂದ ಭಾಗಿಸಿ ಉಳಿದ ಶೇಷಕ್ಕೆ ಎದುರಾಗಿ ಕಾಂತಿಮಾನವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಚೆಲ್ಲಾಪಿಲ್ಲಿಯಾಗಿದ್ದ ಚುಕ್ಕೆಗಳು ಒಂದು ಅಲೆಯಾಗಿ ಕೂಡಿಕೊಳ್ಳುತ್ತವೆ. ದೋಷ ವಿಶ್ಲೇಷಣೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪ್ರಯೋಗ ನಮ್ಮ ಪದವಿ ಪ್ರಯೋಗಶಾಲೆಯಲ್ಲಿ ನನಗೆ ಕಂಡಿಲ್ಲ. ಖರ್ಚು ಒಂದು ನೋಟ್‌ಬುಕ್.

ಇನ್ನೂ ಬೇಗ ಫಲ ಬೇಕೆನ್ನುವವರಿಗೆ ಆಲ್‌ಗೋಲ್ ಇದೆ, ಪಾರ್ಥ ಅಥವಾ ಪರ್ಸಿಯಸ್ ಪುಂಜದಲ್ಲಿ. ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ ಅದು; 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ 2.1ರಿಂದ 3.4ಕ್ಕೆ ಕುಗ್ಗಿ, ಸುಮಾರು ಹತ್ತು ಗಂಟೆಗಳಲ್ಲಿ ಚೇತರಿಸಿಕೊಳ್ಳುತ್ತದೆ. ಒಂದು ಕನಿಷ್ಠ ಬೆಳಗಿನ ಜಾವ 2 ಗಂಟೆಗೆ ಬಿದ್ದರೆ ಮುಂದಿನದು ಮೂರನೆಯ ರಾತ್ರಿ 10.49ಕ್ಕೆ, ಅದರ ಮುಂದಿನದು ಮತ್ತೆ ಮೂರು ದಿನಕ್ಕೆ ಸಂಜೆ 7.38ಕ್ಕೆ. ಈ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ, ಹೇಳಿದ ಹೊತ್ತಿಗೆ ನಕ್ಷತ್ರ ಕುಗ್ಗುವುದನ್ನು ತಾವೇ ಕಂಡರೆ ಸಾಕು. ಮತ್ತೆ ಅವರನ್ನು ಒಳಗೆ ಕರೆಯುವುದು ಕಷ್ಟ.

ಮಳೆಗಾಲದ ಮಾತೆತ್ತಿ ಇದೆಲ್ಲ ಘಟ್ಟದ ಮೇಲಿನವರಿಗೆ ಸರಿ ಎನ್ನುವವರಿಗೆ ರಾಧಾಗೋವಿಂದ ಚಂದ್ರರ ಹೆಸರು ಹೇಳಬೇಕು. ಬಂಗಾಳದ ಜೆಸೋರಿನವರು, ಪ್ರವೇಶ ಪರೀಕ್ಷೆಯನ್ನು ದಾಟಲಾಗದೆ ಸರಕಾರಿ ಖಜಾನೆಯಲ್ಲಿ ನಾಣ್ಯ ಪರೀಕ್ಷಿಸುವ ಕೆಲಸಕ್ಕೆ ಸೇರಿದವರು. 1918ರ ಜೂನ್‌ನಲ್ಲಿ ಗರುಡ ಪುಂಜದ ನೋವಾವನ್ನು ಸ್ವತಂತ್ರವಾಗಿ ಗುರುತಿಸಿದರು. ಆಮೇಲೆ ಅಮೆರಿಕದ ಸಂಘಕ್ಕಾಗಿ 37 ಸಾವಿರಕ್ಕೂ ಹೆಚ್ಚು ಅಂದಾಜುಗಳನ್ನು ಕಳಿಸಿದರು. ಅವರ ಕೆಲಸ ನೋಡಿ ಸಂಘವೇ ಒಂದು ಆರಂಗುಲದ ದೂರದರ್ಶಕ ಕಳಿಸಿಕೊಟ್ಟಿತು. ವಯಸ್ಸಾದ ಮೇಲೆ ಅವರು ಅದನ್ನು ಬಿಟ್ಟುಕೊಟ್ಟಾಗ ಅದು ವೇಣು ಬಾಪ್ಪು ಅವರ ಕೈಸೇರಿತು. ಬಂಗಾಳದಲ್ಲೂ ಮಳೆಗಾಲವಿದೆ. ದೂರದರ್ಶಕ ಬಂದ ಮೇಲೆ ಅವರು ವೀಕ್ಷಕರಾದದ್ದಲ್ಲ, ವೀಕ್ಷಕರಾಗಿದ್ದುದರಿಂದ ದೂರದರ್ಶಕ ಬಂದದ್ದು ಎಂಬುದನ್ನು, ಉಪಕರಣಕ್ಕೆ ಅನುದಾನವಿಲ್ಲವೆಂದು ಕೈಕಟ್ಟಿ ಕುಳಿತವರು ಗಮನಿಸಬೇಕು.

ಮೋಡ ಯಾವಾಗಲೂ ಶತ್ರುವೇ ಆಗಬೇಕೆಂದಿಲ್ಲ. 2014ರ ಜನವರಿ 21ರ ಸಂಜೆ ಲಂಡನ್ ವಿಶ್ವವಿದ್ಯಾಲಯದ ಬೋಧನಾ ವೀಕ್ಷಣಾಲಯದಲ್ಲಿ ಸ್ಟೀವ್ ಫಾಸಿ ಎಂಬ ಅಧ್ಯಾಪಕರು, ಮೋಡ ಕವಿದು ಬರುತ್ತಿದ್ದುದರಿಂದ ಪಾಠವನ್ನು ಮೊಟಕುಗೊಳಿಸಿ ವಿದ್ಯಾರ್ಥಿಗಳಿಗೆ ಕ್ಯಾಮೆರಾ ಬಳಕೆ ತೋರಿಸಲೆಂದು ಎಂ82 ಗೆಲಾಕ್ಸಿಯತ್ತ ದೂರದರ್ಶಕ ತಿರುಗಿಸಿದರು. ಅಲ್ಲೊಂದು ಹೊಸ ನಕ್ಷತ್ರವಿತ್ತು. ಹಲವು ವರ್ಷಗಳಲ್ಲೇ ನಮಗೆ ಅತಿ ಸಮೀಪದ ಸೂಪರ್‌ನೋವಾಗಳಲ್ಲೊಂದು. ಆ ಅಧ್ಯಾಪಕರಿಗೆ ಎಂ82ರ ಹಳೆಯ ರೂಪ ನೆನಪಿತ್ತು, ಮತ್ತು ಅವರು ಅದನ್ನು ಚಿತ್ರದ ದೋಷವೆಂದು ತಳ್ಳಿಹಾಕಲಿಲ್ಲ. ನನ್ನ ಕೆಂಪು ಶಾಯಿಯ ಗೆರೆ ಇಲ್ಲಿ ಮತ್ತೆ ನೆನಪಾಗುತ್ತದೆ.

ಕೊನೆಯದಾಗಿ ಉತ್ತರ ಕಿರೀಟ ಪುಂಜದ 'ಟಿ' ನಕ್ಷತ್ರದ ವಿಷಯ. ಸಾಮಾನ್ಯವಾಗಿ 10ನೆಯ ಕಾಂತಿಮಾನದಲ್ಲಿ ಕಣ್ಣಿಗೆ ಕಾಣದೆ ಇರುವ ಇದು 1866ರ ಮೇಯಲ್ಲೂ 1946ರ ಫೆಬ್ರವರಿಯಲ್ಲೂ ಹಠಾತ್ತಾಗಿ 2, 3ನೆಯ ಕಾಂತಿಮಾನಕ್ಕೆ ಏರಿತ್ತು. ಇದು ಮರುಕಳಿಸುವ ನೋವಾ, ಸೂಪರ್‌ನೋವಾ ಅಲ್ಲ, ನಕ್ಷತ್ರ ನಾಶವಾಗುವುದಿಲ್ಲ. 2024ರಲ್ಲಿ ಸಿಡಿಯುವುದೆಂದು ಎಲ್ಲೆಡೆ ಸುದ್ದಿಯಾಯಿತು, ಆ ವರ್ಷ ಸಿಡಿಯಲಿಲ್ಲ, ಸುದ್ದಿಯೂ ತಣ್ಣಗಾಯಿತು. 1946ರಲ್ಲಿ ಅದನ್ನು ಕಂಡವರಲ್ಲಿ ವೇಲ್ಸ್‌ನ ನ್ಯೂಪೋರ್ಟ್ ಪಟ್ಟಣದ 15 ವರ್ಷದ ಹುಡುಗನೊಬ್ಬ ಇದ್ದ. ಮಲಗುವ ಕೋಣೆಯ ಕಿಟಕಿಯಿಂದ ನೋಡಿ ಬ್ರಿಟನ್ನಿನ ರಾಜ ಖಗೋಳಜ್ಞರಿಗೆ ಕಾಗದ ಬರೆದ. ಕಾಣದೆ ಹೋದವರಲ್ಲಿ ಅಮೆರಿಕದ ಓಹಾಯೋದ ಕೃಷಿಕ ಲೆಸ್ಲಿ ಪೆಲ್ಟಿಯರ್ ಇದ್ದರು. ಸವಾಲಕ್ಷಕ್ಕೂ ಮೀರಿದ ಅಂದಾಜುಗಳನ್ನು ಬರೆದ ಅವರು ಈ ನಕ್ಷತ್ರವನ್ನು ಇಪ್ಪತ್ತೈದು ವರ್ಷ ಬಿಡದೆ ಕಾದಿದ್ದರು. ಆ ಒಂದು ರಾತ್ರಿ ಎರಡೂವರೆಗೆ ಎದ್ದರು, ಗಂಟಲು ಕೆರೆಯಿತು, ಹೊರಗೆ ಚಳಿ, ಮತ್ತೆ ಮಲಗಿಬಿಟ್ಟರು.

ನಮ್ಮಲ್ಲಿ ಉತ್ತರ ಕಿರೀಟ ಜನವರಿ, ಫೆಬ್ರವರಿಯಲ್ಲಿ ಬೆಳಗಿನ ಜಾವ ಪೂರ್ವಕ್ಕೆ ಮೇಲೆದ್ದಿರುತ್ತದೆ. ಏಪ್ರಿಲ್, ಮೇಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಕಾಣುತ್ತದೆ. ಬಿಲ್ಲಿನಂತೆ ಬಾಗಿದ ಪುಟ್ಟ ಸಾಲು. ನಡುವಿನ ಆಲ್ಫೆಕ್ಕಾ 2.2. ಅದರ ಎಡಬದಿಯ ತುದಿಗೆ ತಾಗಿದಂತೆ, ಖಾಲಿ ಇದ್ದ ಜಾಗದಲ್ಲಿ, ಆಲ್ಫೆಕ್ಕಾಗೆ ಸಾಟಿಯಾದ ಇನ್ನೊಂದು ಚುಕ್ಕೆ ಕಂಡರೆ ಅದೇ. ಸುಳ್ಯ, ಕಡಬದ ಗುಡ್ಡಗಳಲ್ಲಿ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೊರಡುವವರು ಆ ಹೊತ್ತಿಗೆ ಎಚ್ಚರವಾಗಿರುತ್ತಾರೆ. ಅವರ ಮಕ್ಕಳು ನಮ್ಮ ತರಗತಿಗಳಲ್ಲಿದ್ದಾರೆ. ಈ ವರ್ಷ ಅವರಿಗೆ ಕೊಟ್ಟಿರುವ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕಿರೀಟದ ನಕ್ಷೆ ಇದೆ, ಎರಡನೆಯದರಲ್ಲಿ ಆರ್ದ್ರಾ. ಕೆಂಪು ಶಾಯಿಯ ಪೆನ್ನನ್ನು ನಾನು ಮನೆಯಲ್ಲಿ ಬಿಟ್ಟು ಬರುತ್ತಿದ್ದೇನೆ.